ಖಾಯಂ ಗಿರಾಕಿಗೆ ಮುಂದಿನ ಸಾಲು

ಒಂದೇ ಅಂಗಡಿ ಹಿಡಿದು ಬಾಳುವುದನ್ನು ನನಗೆ ಕಲಿಸಿದವಳು ನಮ್ಮ ಆಯಿ, ಅಂದರೆ ಅವ್ವನ ಅವ್ವ. ಬಾಗಲಕೋಟೆ ಕಡೆಯಿಂದ ತೆಲುಗು ಸೀಮೆಯ ಕುಷಾಯಿಗೂಡಕ್ಕೆ, ಮಗಳ ಮನೆಗೆ ಬಂದು ಉಳಿದವಳು. ಅಪ್ಪ ಹತ್ತಿರದ ಸರಕಾರಿ ಕಾರ್ಖಾನೆಗೆ ಪಾಳಿಯ ಮೇಲೆ ಹೋಗುತ್ತಿದ್ದ, ಅವ್ವ ಮನೆ ನೋಡುತ್ತಿದ್ದಳು, ಸಂತೆ ಮಾತ್ರ ಆಯಿಯದು. ತೆಲುಗು ಬಾರದು, ಹಿಂದಿ ಅರ್ಧಂಬರ್ಧ. ಆದರೂ ಕಾಯಿಪಲ್ಲೆಯವಳಿಂದ ಹಿಡಿದು ಕಿರಾಣಿ ಅಂಗಡಿಯ ಶೇಠನವರೆಗೆ ಎಲ್ಲರೂ ಅವಳನ್ನು ಕಂಡರೆ ನಗುತ್ತಿದ್ದರು. ಅವಳದೊಂದು ಕಟ್ಟಳೆ ಇತ್ತು. ಒಬ್ಬನ ಹತ್ತಿರ ಕೊಳ್ಳಲು ಶುರು ಮಾಡಿದರೆ ಮುಗಿಯಿತು, ಪಕ್ಕದಲ್ಲಿ ಎಷ್ಟೇ ಅಗ್ಗವಿರಲಿ ಕಣ್ಣೆತ್ತಿ ನೋಡುವಂತಿಲ್ಲ. ಅದಕ್ಕೆ ಪ್ರತಿಯಾಗಿ ಅಂಗಡಿಯವನು ತೂಕ ಮುಗಿದ ಮೇಲೆ ಒಂದು ಹಿಡಿ ಕೊಸರು ಹಾಕಬೇಕು. ಅದನ್ನು ಬಾಯಿಬಿಟ್ಟು ಕೇಳಬಾರದು. ಚೀಲದ ಬಾಯಿ ಅಗಲಿಸಿ ಹಿಡಿದು ಸುಮ್ಮನೆ ನಿಲ್ಲಬೇಕು.

"ಕೇಳಿ ತಗೊಂಡ್ರ ಅದು ಭಿಕ್ಷಾ ಆಗತೈತಿ," ಅನ್ನುತ್ತಿದ್ದಳು. "ಅವ ತಾನ ಹಾಕಬೇಕು. ಹಾಕ್ತಾನ. ನಾವು ಖಾಯಂ ಗಿರಾಕಿ ಅಲ್ಲೇನು?"

ಶೇಠ ಹಾಕುತ್ತಿದ್ದ. ಒಂದು ದಿನವೂ ತಪ್ಪಿಸಲಿಲ್ಲ. ನನ್ನ ಬುದ್ಧಿ ಕೆಡಲು ಅಷ್ಟು ಸಾಕಾಯಿತು.

ಪಟಾನ್‌ಚೆರುವಿನಲ್ಲಿ ನಾನು ಸೇರಿದ ಕಂಪನಿ ಮಾತ್ರೆಗಳನ್ನು ಪಟ್ಟಿಗೆ ತುಂಬುವ ಯಂತ್ರಗಳನ್ನು ಮಾಡುತ್ತದೆ. ಯಂತ್ರ ಎಲ್ಲಿಗೆ ಹೋದರೂ ಅದನ್ನು ನಿಲ್ಲಿಸಿ, ನಡೆಸಿ ತೋರಿಸಿ, ಕೆಟ್ಟರೆ ಮತ್ತೆ ಹೋಗಿ ರಿಪೇರಿ ಮಾಡಿ ಬರುವುದು ನನ್ನ ಕೆಲಸ. ಬದ್ದಿ, ಅಹಮದಾಬಾದ್, ಗುವಾಹಟಿ, ಇಂದೋರ್, ಎಲ್ಲಿ ಔಷಧಿ ತಯಾರಾಗುತ್ತದೋ ಅಲ್ಲಿಗೆ. ಟಿಕೆಟ್ಟಿನ ದುಡ್ಡು ಕಂಪನಿಯದು; ಒಂದು ಮಿತಿಯೊಳಗೆ ಯಾವ ವಿಮಾನವಾದರೂ ನಡೆಯುತ್ತದೆ, ಮಿತಿ ದಾಟಿದರೆ ಉಳಿದದ್ದು ನನ್ನ ಕಿಸೆಯಿಂದ. ಮೊದಮೊದಲು ಸಿಕ್ಕ ವಿಮಾನ ಹತ್ತುತ್ತಿದ್ದೆ. ಆಮೇಲೆ ಒಂದು ವಿಮಾನ ಕಂಪನಿಯವರು, ನೀವು ನಮ್ಮಲ್ಲೇ ಹಾರುತ್ತಿದ್ದರೆ ನಿಮಗೊಂದು ಸದಸ್ಯತ್ವ ಕೊಡುತ್ತೇವೆ, ಎಷ್ಟು ಹೆಚ್ಚು ಹಾರುತ್ತೀರೋ ಅಷ್ಟು ಮೇಲಿನ ಮೆಟ್ಟಿಲು ಎಂದರು. ನನಗೆ ಆಯಿಯ ಚೀಲ ಕಣ್ಣಿಗೆ ಕಟ್ಟಿತು. ಸರಿ, ಅಂಗಡಿ ಸಿಕ್ಕಿತು ಅಂದುಕೊಂಡೆ.

ಕೆಲವು ವರ್ಷ ಕಳೆದ ಮೇಲೆ ಬಂಗಾರದ ಬಣ್ಣದ ಕಾರ್ಡು ಬಂತು. ಒಡವೆಯ ಡಬ್ಬಿಯಂಥ ಡಬ್ಬಿ, ಒಳಗೆ ಮೆತ್ತನೆಯ ಬಟ್ಟೆ, ಅದರ ಮೇಲೆ ಕಾರ್ಡು. ಅವ್ವ ಅದನ್ನು ಸೀದಾ ದೇವರ ಜಗುಲಿಯ ಮೇಲಿಟ್ಟು ಕುಂಕುಮ ಹಚ್ಚಿಬಿಟ್ಟಳು. ನಾನು ಹೌಹಾರಿ ಒರೆಸಿದೆ.

"ಯಾಕೋ, ದೇವರ ಕುಂಕುಮಾ ತಾಗಿದ್ರ ವಿಮಾನ ಹಾರೂದಿಲ್ಲೇನು?" ಎಂದಳು ಅವ್ವ.

ಆ ಕಾರ್ಡಿನಿಂದ ಸಿಕ್ಕ ಸುಖವನ್ನು ಇಲ್ಲವೆನ್ನಲಾರೆ. ಉದ್ದ ಸಾಲಿನ ಪಕ್ಕ ಇನ್ನೊಂದು ಗಿಡ್ಡ ಸಾಲು, ಅದರಲ್ಲಿ ನಾನು. ಹೊರಡುವ ಮುನ್ನ ಕೂರಲು ಒಳಗೊಂದು ಕೋಣೆ, ಬಿಸಿ ಇಡ್ಲಿ, ಕಾಲು ಚಾಚಲು ಉದ್ದನೆಯ ಕುರ್ಚಿ. ವಿಮಾನದಲ್ಲಿ ಮುಂದೆ ಗೋಡೆಯಷ್ಟೇ ಇರುವ ಮೊದಲ ಸಾಲು, ಬೇರೆಯವರು ದುಡ್ಡು ಕೊಟ್ಟು ಕೊಳ್ಳುವ ಜಾಗ, ನನಗೆ ಪುಕ್ಕಟೆ. ಜೊತೆಗೆ ಬಂದವರಿಗೂ ಪುಕ್ಕಟೆ. ಇದೆಲ್ಲಕ್ಕಿಂತ ಹೆಚ್ಚಾಗಿ ಶಂಷಾಬಾದ್ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಒಬ್ಬ ಹುಡುಗಿ ಇದ್ದಳು, ನಲ್ಗೊಂಡ ಕಡೆಯವಳು. ನನ್ನ ಹೆಸರು ಹಿಡಿದು ಕರೆಯುತ್ತಿದ್ದಳು. "ಸಾರ್, ಅಮ್ಮಗಾರು ಬಾಗುನ್ನಾರಾ?" ಎಂದು ಅವ್ವನ ಕ್ಷೇಮ ವಿಚಾರಿಸುತ್ತಿದ್ದಳು. ಅವಳ ಮದುವೆಗೆ ನಾನು ಧಾರವಾಡ ಪೇಢೆ ತಂದುಕೊಟ್ಟೆ. ಅವಳು ಮುಂದಿನ ಸಲ ನನ್ನ ಸೂಟ್‌ಕೇಸನ್ನು ತಾನೇ ಎತ್ತಿ ತಕ್ಕಡಿಗೆ ಇಟ್ಟಳು. ನನಗೆ ಶೇಠನ ಅಂಗಡಿಯೇ ಮತ್ತೆ ಸಿಕ್ಕಂತಾಗಿತ್ತು.

ಹೆಂಡತಿಗೆ ಮಾತ್ರ ಈ ನಂಟಸ್ತನ ಹಿಡಿಸಲಿಲ್ಲ. ನೇರ ಹೋಗುವ ಬೇರೆ ಕಂಪನಿಯ ವಿಮಾನ ಬಿಟ್ಟು, ನಮ್ಮದೇ ಬೇಕೆಂದು ಮುಂಬೈಯಲ್ಲೋ ದೆಹಲಿಯಲ್ಲೋ ಕಾಯುತ್ತ ಕೂರುತ್ತಿದ್ದೆನಲ್ಲ, ಅವಳು ಕೇಳಿಯೇಬಿಟ್ಟಳು: "ಆ ವಿಮಾನದವರು ನಿಮಗ ಬೀಗರೇನ್ರೀ? ಸೀದಾ ಬಂದ್ರ ಮಧ್ಯಾಹ್ನಕ್ಕ ಮನ್ಯಾಗಿರ್ತೀರಿ. ಬೀಗರ ಮನಿ ಸುತ್ತ ಹಾಕ್ಕೊಂಡು ಬರಾಕ ಹೋಗಿ ಇಡೀ ದಿನ ಕಳೀತೀರಿ."

ವರ್ಷದ ಕೊನೆಗೆ ಕಾರ್ಡು ಉಳಿಸಿಕೊಳ್ಳಲು ಪ್ರಯಾಣ ಕಡಿಮೆ ಬಿದ್ದರೆ ಸುಮ್ಮನೆ ಹೋಗಿ ಬರುವುದೂ ಇತ್ತು. ಒಮ್ಮೆ ಸ್ವಂತ ದುಡ್ಡಿನಲ್ಲಿ ಚೆನ್ನೈಗೆ ಹೋಗಿ, ಅದೇ ವಿಮಾನದಲ್ಲಿ, ಅದೇ ಸೀಟಿನಲ್ಲಿ ತಿರುಗಿ ಬಂದೆ. ಗಗನಸಖಿ, ಏನಾದರೂ ಮರೆತು ಹೋಗಿದ್ದಿರಾ ಎಂದು ಕೇಳಿದಳು.

"ಚೆನ್ನೈದಾಗ ಏನ್ ನೋಡಿದ್ರಿ?" ಹೆಂಡತಿ ರೊಟ್ಟಿ ಬಡಿಯುತ್ತ ಕೇಳಿದಳು.

"ಕಾಫಿ ಕುಡದೆ."

"ಭಾಳ ತುಟ್ಟಿ ಕಾಫಿ ಬಿಡ್ರಿ."

ಅವ್ವ ನನ್ನ ಪರ ನಿಂತಳು. "ಸುಮ್ನಿರವ್ವ, ಒಂದ ಅಂಗಡಿ ಹಿಡದಾನ. ಒಂದಿನ ಉಪಯೋಗಕ್ಕ ಬರತೈತಿ."

ಆ ಒಂದು ದಿನ ಬಂತು.

ಅವ್ವನ ಅಕ್ಕ, ನನ್ನ ದೊಡ್ಡವ್ವ, ಇರುವುದು ಜಬಲಪುರದಲ್ಲಿ. ಗಂಡ ಅಲ್ಲಿನ ರಕ್ಷಣಾ ಕಾರ್ಖಾನೆಯಲ್ಲಿದ್ದರು, ಈಗ ಮಗನೂ ಅಲ್ಲೇ. ಆ ಮಗನಿಗೆ ಬಹಳ ಕಾಲ ಮಕ್ಕಳಿರಲಿಲ್ಲ. ಕೊನೆಗೊಂದು ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಗೊತ್ತಾಯಿತು.

ನಮ್ಮ ಮನೆತನದಲ್ಲಿ ತೊಟ್ಟಿಲ ದಿನ ಇಬ್ಬರು ಹಿರಿಯ ಹೆಂಗಸರು ತೊಟ್ಟಿಲಿನ ಆಚೆ ಒಬ್ಬರು ಈಚೆ ಒಬ್ಬರು ನಿಲ್ಲುತ್ತಾರೆ. ಕೂಸನ್ನು ತೊಟ್ಟಿಲ ಕೆಳಗಿನಿಂದ ಆಚೆಯವರಿಗೆ ಕೊಡಬೇಕು, ಅವರು ಮೇಲಿನಿಂದ ತಿರುಗಿ ಕೊಡಬೇಕು. "ಕೂಸು ಕೊಡತೀನಿ, ತಗೋ" ಎಂದು ಒಬ್ಬರು, "ತಗೊಂಡೆ, ನೀನೂ ತಗೋ" ಎಂದು ಇನ್ನೊಬ್ಬರು, ಹೊರಗಿನವರಿಗೂ ಕೇಳುವಂತೆ ಕೂಗಬೇಕು. ನಮ್ಮಲ್ಲಿ ಹುಟ್ಟಿದ ಎಲ್ಲ ಕೂಸುಗಳನ್ನೂ ಹೀಗೆ ದಾಟಿಸಿದ ಜೋಡಿ ಅವ್ವ ಮತ್ತು ದೊಡ್ಡವ್ವ. ನನ್ನ ಮಗಳನ್ನು, ಎಲ್ಲರನ್ನೂ. ದೊಡ್ಡವ್ವ ಫೋನಿನಲ್ಲಿ ಹೇಳಿಬಿಟ್ಟಿದ್ದಳು: "ನೀ ಬರಲಿಲ್ಲಂದ್ರ ನಾ ಬ್ಯಾರೆ ಯಾರ ಕೈಯಾಗೂ ಕೂಸು ಕೊಡಂಗಿಲ್ಲ, ನೋಡು."

ತೊಡಕಿದ್ದದ್ದು ಅವ್ವನ ಮೊಣಕಾಲಿನಲ್ಲಿ. ಕೆಲವು ತಿಂಗಳ ಹಿಂದೆ ಆಪರೇಷನ್ ಆಗಿತ್ತು. ಮೆಲ್ಲಗೆ ಬಾಗಬಹುದು, ನಿಲ್ಲಬಹುದು. ಆದರೆ ಕಾಲು ಮಡಚಿ ಬಹಳ ಹೊತ್ತು ಕೂತರೆ ಬಾವು ಬಂದು ಎರಡು ದಿನ ನೆಲಕ್ಕೆ ಕಾಲೂರಲು ಆಗುತ್ತಿರಲಿಲ್ಲ. ಕಾಲು ಚಾಚಿ ಕೂರುವ ಹಾಗಿದ್ದರೆ ಮಾತ್ರ ಪ್ರಯಾಣ ಮಾಡಿ ಎಂದರು ಡಾಕ್ಟರು. ಅವ್ವ ಆವತ್ತಿನಿಂದಲೇ ತಾಲೀಮು ಶುರು ಮಾಡಿದಳು. ಎರಡು ಕುರ್ಚಿಗೆ ಒಂದು ಸೀರೆ ಕಟ್ಟಿ ತೊಟ್ಟಿಲು, ತಲೆದಿಂಬು ಕೂಸು, ಆಚೆ ಬದಿಗೆ ನನ್ನ ಹೆಂಡತಿ. "ಕೂಸು ಕೊಡತೀನಿ, ತಗೋ!" ಎಂದು ಅವ್ವ ಕೂಗಿದ ಅಬ್ಬರಕ್ಕೆ ಎದುರು ಮನೆಯ ತೆಲುಗು ಹೆಂಗಸು ಗಾಬರಿಯಾಗಿ ಓಡಿ ಬಂದಳು. ಬಂದವಳು ತಾನೂ ಒಂದು ಸಲ ದಿಂಬು ದಾಟಿಸಿ, ಚಹಾ ಕುಡಿದು ಹೋದಳು.

ಟಿಕೆಟ್ ತೆಗೆಯುವಾಗ ಹೆಂಡತಿ ನನ್ನ ಪಕ್ಕದಲ್ಲೇ ಕೂತಿದ್ದಳು. ಜಬಲಪುರಕ್ಕೆ ನೇರ ಹೋಗುವುದು ಬೇರೆ ಕಂಪನಿಯ ವಿಮಾನ. ನಮ್ಮದು ದೆಹಲಿಯ ಮೇಲೆ.

"ಸೀದಾ ಹೋಗೂದನ್ನ ತಗೋರಿ. ಮುಂದಿನ ಸೀಟಿಗೆ ಬ್ಯಾರೆ ರೊಕ್ಕ ಅಂತಾರಲ್ಲ, ಅದನ್ನೂ ಕೊಟ್ಟು ಹಿಡದುಬಿಡ್ರಿ. ಅತ್ತಿ ಕಾಲಿನ ಮಾತೈತಿ."

"ನಮ್ಮ ವಿಮಾನದಾಗ ಅದು ಪುಕ್ಕಟ ಐತಿ. ದಿಲ್ಲಿಯೊಳಗ ಮಲಗಾಕ ಕುರ್ಚಿ ಐತಿ. ಗಾಲಿ ಕುರ್ಚಿಯವರು ಓಡಿ ಬರ್ತಾರ. ಅಲ್ಲಿ ನನ್ನ ಯಾರ ಕೇಳ್ತಾರ?"

"ರೊಕ್ಕ ಕೊಟ್ರ ಯಾರಾರ ಕೇಳ್ತಾರಲ್ರೀ."

ಒಳಗಿನಿಂದ ಅವ್ವನ ತೀರ್ಪು ಬಂತು: "ಖಾಯಂ ಗಿರಾಕಿ ಆಗಿ ಮ್ಯಾಲ ರೊಕ್ಕ ಕೊಡಾಕ ಹೋದ್ರ ಅವರ ಮನಸಿಗೆ ಬ್ಯಾಸರ ಆಗತೈತಿ. ಅವರ ಕೊಡ್ತಾರ ಬಿಡವ್ವ."

ಈಗ ಬರೆಯುವಾಗ ನಗು ಬರುತ್ತದೆ. ವಿಮಾನ ಕಂಪನಿಯ ಮನಸ್ಸಿಗೆ ಬೇಸರವಾದೀತು ಎಂದು ದುಡ್ಡು ಕೊಡದೆ ಉಳಿದವರು ಈ ಊರಿನಲ್ಲಿ ನಾವಿಬ್ಬರೇ ಇದ್ದೇವು. ಫೋನಿನಲ್ಲಿ ಮೊದಲ ಸಾಲಿನ ಎರಡು ಸೀಟು ಆರಿಸಿ ಒತ್ತಿದೆ, ನನ್ನ ಹೆಸರಿಗೆ ಬಂದವು, ಟಿಕೆಟ್ಟಿನ ಮೇಲೆ ಅಚ್ಚಾದವು. ಅವ್ವನಿಗೆ ಓದಿ ಹೇಳಿದೆ.

ಹೊರಡುವ ದಿನ ಬೆಳಗಾಗುತ್ತಲೇ ಶಂಷಾಬಾದ್ ಮುಟ್ಟಿದೆವು. ಅವ್ವ ಹಸಿರು ಇಳಕಲ್ ಸೀರೆ ಉಟ್ಟಿದ್ದಳು, ಮಡಿಲಲ್ಲಿ ಕೂಸಿಗೆ ಹೊಲಿದ ಕುಂಚಿಗೆ. ಕೌಂಟರಿನಲ್ಲಿ ಅದೇ ನಲ್ಗೊಂಡದ ಹುಡುಗಿ. ನನಗೆ ಹಿಗ್ಗು. "ಇವರೇ ನಮ್ಮವ್ವ" ಎಂದೆ. ಅವಳು ಅವ್ವನಿಗೆ ಕೈ ಮುಗಿದಳು. ಆಮೇಲೆ ಪರದೆ ನೋಡಿದಳು. ಆಮೇಲೆ ನನ್ನ ಮುಖ ನೋಡಲಿಲ್ಲ.

"ಸಾರ್, ವಿಮಾನಂ ಮಾರಿಂದಿ," ಎಂದಳು. ಬೇರೆ ವಿಮಾನ ಹಾಕಿದ್ದಾರೆ, ಸೀಟುಗಳು ಕಡಿಮೆ, ಎಲ್ಲವನ್ನೂ ಮತ್ತೆ ಹಂಚಿದ್ದಾರೆ. ಅವ್ವನಿಗೆ ಹಿಂದಿನ ಕೊನೆಯ ಸಾಲುಗಳಲ್ಲೊಂದು, ನಡುವಿನ ಸೀಟು. ನನಗೆ ಅದರ ಮುಂದೆ.

"ನನ್ನ ಕಾರ್ಡು ನೋಡಮ್ಮಾ."

"ಚೂಶಾನು ಸಾರ್," ನೋಡಿದೆ ಎಂದಳು.

"ಮತ್ತ?"

ಅವಳು ದನಿ ತಗ್ಗಿಸಿ, ಹಿಂದಿಯೂ ತೆಲುಗೂ ಕಲಸಿ ವಿವರಿಸಿದಳು. ಈ ವರ್ಷದಿಂದ ಲೆಕ್ಕ ಬೇರೆ. ಎಷ್ಟು ಸಲ ಹಾರಿದಿರಿ ಎಂಬುದು ಮುಖ್ಯವಲ್ಲ, ಎಷ್ಟು ದುಡ್ಡಿನ ಟಿಕೆಟ್ ಕೊಂಡಿರಿ ಎಂಬುದು ಮುಖ್ಯ. ಬಂಗಾರದ ಕಾರ್ಡಿನ ಮೇಲೆ ಈಗ ಕರಿ ಕಾರ್ಡು ಬಂದಿದೆ. ಸೀಟು ಮತ್ತೆ ಹಂಚುವಾಗ ಮೊದಲು ದುಡ್ಡು ಕೊಟ್ಟವರಿಗೆ, ಆಮೇಲೆ ಕರಿ ಕಾರ್ಡಿಗೆ, ಉಳಿದರೆ ಮಿಕ್ಕವರಿಗೆ.

ನನ್ನನ್ನು ಮೆಟ್ಟಿಲಿಳಿಸಿರಲಿಲ್ಲ, ನೋಡಿ. ಕಾರ್ಡು ಅದೇ, ಬಣ್ಣ ಅದೇ, ಹೆಸರು ಅದೇ. ನನ್ನ ತಲೆಯ ಮೇಲೆ ಇನ್ನೊಂದು ಅಟ್ಟ ಕಟ್ಟಿ, ಸಾಮಾನನ್ನೆಲ್ಲ ಅಲ್ಲಿಗೆ ಸಾಗಿಸಿದ್ದರು. ಇಂಥದೊಂದು ಬದಲಾವಣೆಯ ಸುದ್ದಿ ನನಗೆ ಬಂದಿತ್ತು, ಅಭಿನಂದನೆಯ ರೂಪದಲ್ಲಿ: ನಿಮ್ಮ ಪ್ರಯಾಣ ಇನ್ನಷ್ಟು ಸುಂದರವಾಗಲಿದೆ, ಮೇಲೇರಲು ಇನ್ನೊಂದು ಎತ್ತರ ಕಾದಿದೆ ಎಂದು. ನಾನು ಖುಷಿಪಟ್ಟಿದ್ದೆ.

"ಈಗ ರೊಕ್ಕ ಕೊಡತೀನಿ. ಅವ್ವನ ಒಂದು ಸೀಟು ಸಾಕು."

"ಅನ್ನೀ ಅಯಿಪೋಯಾಯಿ ಸಾರ್." ಎಲ್ಲ ಮುಗಿದಿವೆ. ಅವಳ ಕಿವಿ ಕೆಂಪಾಗಿತ್ತು. ಗಾಲಿ ಕುರ್ಚಿ ತರಿಸುತ್ತೇನೆ, ಅದೊಂದು ಆಗುತ್ತದೆ, ಎಂದಳು.

ಸಿಟ್ಟು ಯಾರ ಮೇಲೆ ಮಾಡಲಿ? ಪೇಢೆ ತಿಂದವಳು ಅವಳು; ಕೊಸರು ಹಾಕುವ ಕೈ ಅವಳದಲ್ಲ. ತಕ್ಕಡಿಯ ಹಿಂದೆ ನಾನು ಇಷ್ಟು ವರ್ಷ ಕಂಡದ್ದು ಒಂದು ಮುಖ. ಅಂಗಡಿ ಬೇರೆಲ್ಲೋ ಇತ್ತು, ಅದಕ್ಕೆ ಮುಖವೇ ಇರಲಿಲ್ಲ.

ತಿರುಗಿ ಹೋಗೋಣವೇ ಎಂದು ಅವ್ವನನ್ನು ಕೇಳಿದೆ. ಆವತ್ತಿನ ನೇರ ವಿಮಾನದಲ್ಲಿ ಜಾಗ ಉಳಿದಿರಲಿಲ್ಲ. ಮಾರನೆಯ ಬೆಳಗ್ಗೆಯೇ ತೊಟ್ಟಿಲು. ಅವ್ವ ಕುಂಚಿಗೆ ಮಡಚಿ ಚೀಲದೊಳಗಿಟ್ಟಳು. "ನಡಿ, ಸ್ವಲ್ಪ ಹೊತ್ತಿನ ಮಾತು. ಅಕ್ಕ ಕಾಯಾಕತ್ತಾಳ."

ವಿಮಾನದೊಳಗೆ ಮೊದಲ ಸಾಲು ದಾಟುವಾಗ ಅವ್ವ ದಣಿವಾರಿಸಿಕೊಳ್ಳಲು ಅಲ್ಲಿದ್ದ ಸೀಟಿನ ಬೆನ್ನಿಗೆ ಕೈ ಊರಿದಳು. ಅಲ್ಲಿ ಕೂತಿದ್ದವನು ಉದ್ದ ಕಾಲಿನ, ಸಾಧು ಮುಖದ ಮನುಷ್ಯ. ನಾನು ಬಾಯಿ ತೆರೆದು ಹಿಂದಿಯಲ್ಲಿ ಅವ್ವನ ಕಾಲಿನ ಕಥೆ ಹೇಳಿದೆ. ಅವನು ಸಂಕೋಚದಿಂದ ತನ್ನ ಕಾಲು ತೋರಿಸಿದ. ಬೇರೆ ಕಡೆ ನನಗೆ ಹಿಡಿಸುವುದಿಲ್ಲ, ಅದಕ್ಕೇ ಜಾಸ್ತಿ ಕೊಟ್ಟು ತಗೊಂಡೆ, ಎಂದ. ಏಳಲೋ ಬೇಡವೋ ಎಂದು ಅವನು ತಡವರಿಸುವಷ್ಟರಲ್ಲಿ ಅವ್ವ ನನ್ನ ತೋಳು ಹಿಡಿದೆಳೆದಳು.

"ಬ್ಯಾಡೋ. ಅವ ರೊಕ್ಕ ಕೊಟ್ಟಾನ. ಅದು ಅವಂದ."

ಹಿಂದಿನ ಸಾಲಿನವರೆಗೆ ನಡೆದ ಆ ಸಣ್ಣ ದಾರಿಯಲ್ಲಿ ನನಗೆ ಅಷ್ಟೂ ಅರ್ಥವಾಯಿತು. ಕೊಂಡದ್ದು ಕೊಂಡವನದು. ಕೊಸರು ಚೀಲಕ್ಕೆ ಬೀಳುವ ತನಕ ಕೊಡುವವನದೇ. ಅವನ ಕೈ ಅರ್ಧ ದಾರಿಯಲ್ಲಿ ಹಿಂದಕ್ಕೆ ಹೋದರೆ ಕೇಳಲು ನಮಗೆ ಬಾಯಿಲ್ಲ. ಶೇಠ ಕೈ ಹಿಂದೆಗೆಯಲಿಲ್ಲ, ಯಾಕೆಂದರೆ ಅವನಿಗೆ ಸಂಜೆ ಅದೇ ಬೀದಿಯಲ್ಲಿ ಆಯಿಯ ಎದುರು ಓಡಾಡಬೇಕಿತ್ತು. ಇವರು ಯಾವ ಬೀದಿಯಲ್ಲಿ ನನಗೆ ಎದುರಾಗುತ್ತಾರೆ?

ವಿಮಾನ ನೆಲ ಬಿಡಲು ತಡವಾಯಿತು. ದೆಹಲಿಯ ಮೇಲೆ ಇಳಿಯಲು ಸರದಿ ಸಿಗದೆ ಸುತ್ತು ಹಾಕಿತು. ನಾನು ಮುಂದಿನ ಸಾಲಿನಿಂದ ತಿರುಗಿ ತಿರುಗಿ ನೋಡುತ್ತಿದ್ದೆ. ಅವ್ವ ಎರಡು ಕೈಯಿಂದ ಮೊಣಕಾಲನ್ನು ಅಪ್ಪಿ ಹಿಡಿದು, ನಾನು ನೋಡಿದಾಗಲೆಲ್ಲ ನಗುತ್ತಿದ್ದಳು. ದೆಹಲಿಯಲ್ಲಿ ಆ ಉದ್ದ ಕುರ್ಚಿಗಳ ಕೋಣೆಯ ಬಾಗಿಲಲ್ಲಿ, ಸರ್ ನೀವು ಬರಬಹುದು, ಜೊತೆಗಿದ್ದವರು ಈಗ ಬರುವಂತಿಲ್ಲ, ಎಂದರು. ಬಾಗಿಲಿನ ಪಕ್ಕದ ಕಬ್ಬಿಣದ ಕುರ್ಚಿಯಲ್ಲಿ ಅವ್ವನ ಕಾಲನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಒಳಗಿನಿಂದ ಇಡ್ಲಿಯ ವಾಸನೆ ಬರುತ್ತಿತ್ತು.

ಜಬಲಪುರದ ಮನೆ ಮುಟ್ಟಿದಾಗ ಮೊಣಕಾಲು ಎಳೆ ಕುಂಬಳಕಾಯಿಯಷ್ಟಾಗಿತ್ತು. ನಾನೂ ದೊಡ್ಡವ್ವನ ಮಗನೂ ಅವ್ವನನ್ನು ಎತ್ತಿಕೊಂಡೇ ಒಳಗೆ ತಂದೆವು. ದೊಡ್ಡವ್ವ ಮೊದಲು ತಂಗಿಯ ಕೆನ್ನೆ ಸವರಿದಳು, ಆಮೇಲೆ ನನ್ನ ಕಡೆ ತಿರುಗಿದಳು.

"ಬಂಗಾರದ ಕಾರ್ಡ್ ಐತಿ, ಮಹಾರಾಣಿ ಹಂಗ ಕರಕೊಂಡ ಬರ್ತೀನಿ ಅಂದಿದ್ದಿ. ಒಂದು ಕಾಲು ಚಾಚಾಕ ಜಾಗಾ ಸಿಗಲಿಲ್ಲೇನಪಾ ನಿನ್ನ ರಾಜ್ಯದಾಗ?"

ಅವ್ವನೇ, "ಅವಂದೇನ ತಪ್ಪು, ಅವರು ಮಾತಿಗೆ ತಪ್ಪಿದ್ರು" ಎಂದಳು. ದೊಡ್ಡವ್ವ, "ಯಾರವ್ವಾ ಅವರು?" ಎಂದು ಕೇಳಿದಳು.

ಇಡೀ ಸಂಜೆ ಐಸು, ಎಣ್ಣೆ, ಬಿಸಿನೀರು. ಬೆಳಗ್ಗೆ ಅವ್ವ ಗೋಡೆ ಹಿಡಿದು ಎದ್ದು ನಿಂತಳು, ಒಂದು ಹೆಜ್ಜೆ ಇಟ್ಟಳು, ಮತ್ತೆ ಮಂಚಕ್ಕೆ ಕುಸಿದಳು. ತೊಟ್ಟಿಲು ಕಟ್ಟಿದ್ದು ಮೇಲಿನ ಮಹಡಿಯ ದೊಡ್ಡ ಕೋಣೆಯಲ್ಲಿ. ಎತ್ತಿಕೊಂಡು ಹೋಗಬಹುದಿತ್ತು, ಆದರೆ ಕೂತು ಕೂಸು ದಾಟಿಸುವ ಪದ್ಧತಿ ಇಲ್ಲ, ಬಾಗದೆ ತೊಟ್ಟಿಲ ಕೆಳಗೆ ಕೈ ಹೋಗುವುದಿಲ್ಲ. ದೊಡ್ಡವ್ವ ತಾನೂ ನಿಲ್ಲುವುದಿಲ್ಲ ಎಂದು ಹಟ ಹಿಡಿದಳು. ಅವ್ವ ಗದರಿದಳು. "ಎಷ್ಟು ವರ್ಷಕ್ಕ ಹುಟ್ಟಿದ ಕೂಸು. ನಿನ್ನ ಹಟಕ್ಕ ಅದನ್ನ ಕೆಳಗಿಡಬ್ಯಾಡ. ಹೋಗು ಮ್ಯಾಲ."

ಎಲ್ಲರೂ ಮೇಲೆ ಹೋದರು. ಕೆಳಗೆ ಅವ್ವ, ನಾನು, ಐಸಿನ ಚೀಲ.

ಮೇಲಿನಿಂದ ಬಳೆ ಸದ್ದು, ನಗು. ದೊಡ್ಡವ್ವನ ದನಿ ಕೇಳಿತು: "ಕೂಸು ಕೊಡತೀನಿ, ತಗೋ!" ಆಚೆ ಬದಿಗೆ ನಿಂತದ್ದು ನೆರೆಮನೆಯ ಹಿಂದಿ ಮಾತಾಡುವ ಹಿರಿಯಾಕೆ. ಅವಳಿಗೆ ತಿರುಗಿ ಹೇಳಬೇಕಾದ ಮಾತು ಗೊತ್ತಿರಲಿಲ್ಲ.

ಮಂಚದ ಮೇಲೆ ಕೂತಿದ್ದ ಅವ್ವ ಎರಡೂ ಕೈ ಮುಂದೆ ಚಾಚಿ, ತುಟಿಯೊಳಗೆ, "ತಗೊಂಡೆ, ನೀನೂ ತಗೋ" ಎಂದಳು. ಚಾಚಿದ ಕೈಗಳು ಸ್ವಲ್ಪ ಹೊತ್ತು ಹಾಗೇ ಇದ್ದವು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಐಸ್ ಕರಗೇತಿ ನೋಡು" ಎಂದಳು.

ನಾನು ಹೊರಗೆ ಬಂದು ದೂರು ಕೊಡುವ ಸಂಖ್ಯೆಗೆ ಫೋನು ಮಾಡಿದೆ. ಬಂಗಾರದ ಸದಸ್ಯರಿಗೆ ಕಾಯುವ ಹೊತ್ತು ಕಡಿಮೆ ಎಂದಿತು ಒಂದು ಯಂತ್ರ. ಬಹಳ ಹೊತ್ತು ಸಂಗೀತ ಕೇಳಿಸಿತು. ಕೊನೆಗೆ ಸಿಕ್ಕವನು ಬಹಳ ವಿನಯವಂತ, ನನ್ನ ನಿಷ್ಠೆಗೆ ಕೃತಜ್ಞತೆ ಹೇಳಿ ಒಂದಿಷ್ಟು ಅಂಕಗಳನ್ನು ನನ್ನ ಖಾತೆಗೆ ಹಾಕಿಸಿದ. ಅಂಕಗಳಿಂದ ಏನು ಮಾಡಬಹುದು ಎಂದು ಕೇಳಿದೆ. ಮುಂದಿನ ಸಲ ಸೀಟು ಆರಿಸಿಕೊಳ್ಳಬಹುದು, ಸಿಕ್ಕರೆ, ಎಂದ.

ಈಚೆಗೆ ಕೂಕಟ್‌ಪಲ್ಲಿಯಲ್ಲಿರುವ ಒಬ್ಬ ಗೆಳೆಯ, ಬೆಂಗಳೂರಿನವನು, ಇಂಥ ಕಾರ್ಡಿಗಾಗಿ ಹಾರಾಡುವುದು ಲಾಭವೋ ನಷ್ಟವೋ ಎಂದು ನನ್ನನ್ನು ಕೇಳಿದ. ಇಡ್ಲಿ ಚೆನ್ನಾಗಿರುತ್ತದೆ ಎಂದೆ. ಕೆಲಸವಿದ್ದಾಗ ಹಾರು, ತಾನಾಗಿ ಬಂದರೆ ತಿನ್ನು. ಆದರೆ ಅದಕ್ಕಾಗಿ ಒಂದು ಹೆಜ್ಜೆಯೂ ಸುತ್ತು ಹಾಕಬೇಡ, ನಿನ್ನವರ ಯಾವ ಅಗತ್ಯವನ್ನೂ ಅದರ ಮೇಲೆ ಹೊರಿಸಬೇಡ. ಬೇಕಾದ್ದನ್ನು ದುಡ್ಡು ಕೊಟ್ಟು ಕೊಂಡುಕೋ, ರಸೀದಿ ಇಸಿದುಕೋ. ಅವನು, ಇಷ್ಟೇನಾ, ಎಂದ. ಇಷ್ಟೇ. ಆದರೆ ನಮ್ಮ ಮನೆಯಲ್ಲಿ ಯಾರೂ ಯಾವ ಅಂಗಡಿಯ ಬಗ್ಗೆಯೂ ಹಿಂದೆ ಹೀಗೆ ಮಾತಾಡಿದವರಲ್ಲ.

ಆ ಸಲ ಜಬಲಪುರದಿಂದ ತಿರುಗಿ ಬರುವಾಗ ಆ ಬೇರೆ ಕಂಪನಿಯ ನೇರ ವಿಮಾನ ಹಿಡಿದಿದ್ದೆ. ಮೊದಲ ಸಾಲಿಗೆ ಕೇಳಿದಷ್ಟು ಕೊಟ್ಟೆ. ದುಡ್ಡು ಕೊಟ್ಟದ್ದಕ್ಕೆ ಕಾಗದ ಇದೆಯೇ ಎಂದು ಅವ್ವ ಕೇಳಿದಳು. ಫೋನಿನಲ್ಲಿದೆ ಎಂದರೆ ಒಪ್ಪಲಿಲ್ಲ. ದೊಡ್ಡವ್ವನ ಮಗ ಪೇಟೆಗೆ ಹೋಗಿ ಅಚ್ಚು ಹಾಕಿಸಿಕೊಂಡು ಬಂದ. ಗಾಲಿ ಕುರ್ಚಿಯಲ್ಲಿ ಕೂತ ಅವ್ವ ಆ ಕಾಗದವನ್ನು ಎದೆಯ ಮಟ್ಟದಲ್ಲಿ ಹಿಡಿದಿದ್ದಳು. ಬಾಗಿಲ ಪೋಲೀಸನಿಗೆ ತೋರಿಸಿದಳು. ಚೀಲ ತಪಾಸಣೆ ಮಾಡುವವಳಿಗೆ ತೋರಿಸಿದಳು. ಕುರ್ಚಿ ತಳ್ಳುತ್ತಿದ್ದವನಿಗೂ ತಿರುಗಿ ತೋರಿಸಿ, "ರೊಕ್ಕ ಕೊಟ್ಟೀವಿ" ಎಂದಳು. ಅವನು ಅರ್ಥವಾಗದೆ ತಲೆಯಾಡಿಸಿದ. ಎಲ್ಲರ ಮುಂದೆ ಚೀಲ ಅಗಲಿಸಿ ಸುಮ್ಮನೆ ನಿಲ್ಲುತ್ತಿದ್ದವಳ ಮಗಳು ಅವಳು. ಸೀಟಿನಲ್ಲಿ ಕೂತು, ಕಾಲು ಚಾಚಿ, ಪಟ್ಟಿ ಬಿಗಿದ ಮೇಲೆ, "ಇನ್ನ ಕೊಡವ್ವಾ, ಒಳಗ ಇಡತೀನಿ" ಎಂದು ನಾನು ಕೈ ನೀಡಿದೆ.

"ಇರಲಿ," ಎಂದಳು. "ಮ್ಯಾಲ ಹಾರೂ ತನಕ ಇರಲಿ."